ಹೊರದೇಶಕ್ಕೆ ಹೊರಡುವ ಮುನ್ನ ಮನೆಪಟ್ಟಿಯಲ್ಲಿರುವ ಮೊಬೈಲ್ ನಂಬರ್ ನೋಡಿ

ಮಾನ್ಯರೆ,

ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಗೆ ಇಡೀ ವರ್ಷದ ಮನೆಪಟ್ಟಿಯನ್ನು, ಅಂದರೆ ಆಸ್ತಿ ತೆರಿಗೆಯನ್ನು, ಏಪ್ರಿಲ್‌ನಲ್ಲೇ ತುಂಬಿದರೆ ಶೇ 5ರಷ್ಟು ರಿಯಾಯಿತಿ ಇದೆ. ಮೇ, ಜೂನ್‌ನಲ್ಲಿ ಇದ್ದಷ್ಟೇ ತುಂಬಬೇಕು. ಜುಲೈನಿಂದ ತಿಂಗಳಿಗೆ ಶೇ 2ರಂತೆ ದಂಡ ಏರುತ್ತದೆ. 8,000 ರೂಪಾಯಿ ಪಟ್ಟಿಯ ಮನೆ ಎಂದಿಟ್ಟುಕೊಳ್ಳಿ. ಉಪಕರಗಳ ಲೆಕ್ಕ ಬದಿಗಿಟ್ಟರೂ ಏಪ್ರಿಲ್‌ನಲ್ಲಿ 7,600ಕ್ಕೆ ಮುಗಿಯುತ್ತಿದ್ದದ್ದು ಮುಂದಿನ ಮಾರ್ಚ್ ಹೊತ್ತಿಗೆ 9,440 ಆಗಿರುತ್ತದೆ. ಈ ಲೆಕ್ಕ ಗೊತ್ತಿರುವವರ ಪಟ್ಟಿಯೂ ಬಾಕಿ ಬೀಳುತ್ತದೆ. ಮದುವೆಯಾಗಿ ಗಂಡನ ಬಳಿಗೋ ಹೆಂಡತಿಯ ಬಳಿಗೋ ಹೊರದೇಶಕ್ಕೆ ಹೋದವರ ಬೀಗ ಹಾಕಿದ ಮನೆಗಳಲ್ಲಿ ಇದಕ್ಕೆ ಕಾರಣ ದುಡ್ಡಿನ ಅಡಚಣೆಯಲ್ಲ. ಪಾಲಿಕೆಯ ದಾಖಲೆಯಲ್ಲಿರುವ ಮೊಬೈಲ್ ನಂಬರ್ ಬಂದ್ ಆಗಿರುವುದು. ವೀಸಾ, ಬ್ಯಾಗು, ಬಂಧುಗಳ ಮನೆಯ ಊಟ ಎಂದು ಕಳೆದುಹೋಗುವ ಕೊನೆಯ ಎರಡು ತಿಂಗಳಲ್ಲಿ ಮಾಡಿಡಬೇಕಾದ ಕೆಲಸಗಳನ್ನು ಓದುಗರ ಗಮನಕ್ಕೆ ತರಲು ಈ ಪತ್ರ.

ಮೊದಲು ಸಿಮ್. ಪ್ರಿಪೇಯ್ಡ್ ಸಿಮ್ 90 ದಿನ ಬಳಕೆಯಾಗದಿದ್ದರೆ ಕಂಪನಿ ಅದನ್ನು ಬಂದ್ ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು 30 ದಿನ ಮುಂದಕ್ಕೆ ಹಾಕುತ್ತಾರೆ, ಅಷ್ಟೇ. ಆಮೇಲೆ ಆ ನಂಬರ್ ಬೇರೆ ಗ್ರಾಹಕರ ಪಾಲಾಗುತ್ತದೆ. ಬ್ಯಾಂಕ್, ಆಧಾರ್, ಪ್ಯಾನ್, ಹೆಸ್ಕಾಂ (ವಿದ್ಯುತ್ ಕಂಪನಿ), ಪಾಲಿಕೆ ಎಲ್ಲದರ ಒಟಿಪಿ ಗುರುತಿಲ್ಲದವರ ಫೋನಿಗೆ ಹೋಗತೊಡಗುತ್ತದೆ. ಹಾಗಾಗಿ ಸಿಮ್ ಬಿಟ್ಟುಬಿಡಬೇಡಿ. ಇಲ್ಲಿದ್ದಾಗಲೇ ಇ–ಸಿಮ್ ಮಾಡಿಸಿ, ಎಸ್ಸೆಮ್ಮೆಸ್ ಬರುವಷ್ಟು ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ವರ್ಷದ ಪ್ಲಾನ್ ಹಾಕಿಸಿಕೊಂಡು ವಿಮಾನ ಹತ್ತಿ. ಅಲ್ಲಿಗೆ ಹೋದ ಮೇಲೆ ರೋಮಿಂಗ್ ಚಾಲೂ ಮಾಡಲು ಹೊರಟರೆ ಅದಕ್ಕೂ ಒಟಿಪಿ ಬೇಕಾಗುತ್ತದೆ, ಆ ಒಟಿಪಿ ಬರುವುದೂ ಅದೇ ಸಿಮ್‌ಗೆ.

ಇಲ್ಲೊಂದು ಎಚ್ಚರಿಕೆ. ಮನೆಪಟ್ಟಿ, ಕರೆಂಟ್, ನೀರಿನ ಬಿಲ್ಲಿಗೆ ಊರಲ್ಲೇ ಇರುವ ಅಣ್ಣನದೋ ತಂಗಿಯದೋ ನಂಬರ್ ಕೊಡಿ. ಬ್ಯಾಂಕು ಮತ್ತು ಆಧಾರ್‌ಗೆ ಮಾತ್ರ ನಿಮ್ಮದೇ ನಂಬರ್ ಇರಲಿ. ಬಿಲ್ಲುಗಳನ್ನೂ ಬ್ಯಾಂಕನ್ನೂ ಒಂದೇ ನಂಬರಿಗೆ ಕಟ್ಟಿಟ್ಟರೆ, ಒಂದೋ ಬಿಲ್ ಬಂದದ್ದು ಊರಿನವರಿಗೆ ತಿಳಿಯುವುದಿಲ್ಲ, ಇಲ್ಲವೇ ನಿಮ್ಮ ದುಡ್ಡಿನ ಬೀಗದ ಕೈ ಬೇರೆಯವರ ಫೋನಿನಲ್ಲಿರುತ್ತದೆ. ನಂಬಿಕೆಯ ಮನುಷ್ಯರೇ ಆಗಿದ್ದರೂ ಈ ಭಾರ ಅವರ ಮೇಲೆ ಹಾಕುವುದು ಸರಿಯಲ್ಲ.

ಪಟ್ಟಿ ತುಂಬಲು ಯಾರ ಸಹಿಯೂ ಬೇಡ. ಪಿಐಡಿ (ಆಸ್ತಿಯ ಗುರುತಿನ) ಸಂಖ್ಯೆ ಗೊತ್ತಿದ್ದರೆ ಆನ್‌ಲೈನ್‌ನಲ್ಲೋ ಕರ್ನಾಟಕ ಒನ್ ಕೇಂದ್ರದಲ್ಲೋ ಯಾರು ಬೇಕಾದರೂ ತುಂಬಬಹುದು. ತೊಡಕು ಬರುವುದು ಹೆಸರಿನಲ್ಲಿ. ಎಷ್ಟೋ ಮನೆಗಳ ಉತಾರ (ಆಸ್ತಿ ದಾಖಲೆ) ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೋ ಅಜ್ಜನ ಹೆಸರಿನಲ್ಲೋ ಇರುತ್ತದೆ. ವಾರಸಾ, ಅಂದರೆ ವಾರಸುದಾರರ ಹೆಸರಿಗೆ ವರ್ಗಾವಣೆ, ಆಗಿರುವುದಿಲ್ಲ. ಪಟ್ಟಿ ತುಂಬುವ ಮಟ್ಟಿಗೆ ಅದು ನಡೆಯುತ್ತದೆ. ಆದರೆ ಈಗ ನಗರದ ಆಸ್ತಿ ನೋಂದಣಿಗೆ ಇ–ಖಾತೆ (ಡಿಜಿಟಲ್ ಆಸ್ತಿ ದಾಖಲೆ) ಬೇಕು. ಇ–ಆಸ್ತಿ ಜಾಲತಾಣದಲ್ಲಿ ಅದನ್ನು ಪಡೆಯಲು ಮಾಲೀಕರ ಆಧಾರ್ ದೃಢೀಕರಣ, ಖರೀದಿ ಪತ್ರ, ಋಣಭಾರ ಪತ್ರ, ಪಟ್ಟಿ ತುಂಬಿದ ರಸೀದಿ, ಕಟ್ಟಡದ ಫೋಟೊ ಕೇಳುತ್ತಾರೆ. ಇದನ್ನು ಲಂಡನ್ನಿನಲ್ಲಿ ಕುಳಿತು ಮಾಡಿಸುವುದಕ್ಕಿಂತ ಹೊರಡುವ ಮುಂಚೆ ವಲಯ ಕಚೇರಿಗೆ ನಾಲ್ಕು ಸಲ ಓಡಾಡುವುದು ಎಷ್ಟೋ ಹಗುರ. ರಸೀದಿಗಳನ್ನು ಪಿಡಿಎಫ್ ಮಾಡಿ ಇಮೇಲ್‌ನಲ್ಲಿ ಇಟ್ಟುಕೊಳ್ಳಿ. ಹಿಂದಿನ ವರ್ಷ ತುಂಬಿದ್ದೂ ಬಾಕಿ ಎಂದು ತೋರಿಸಿದಾಗ ಕೈಹಿಡಿಯುವುದು ಅದೊಂದೇ.

ಖಾತೆ ಬದಲಾವಣೆ, ಮೀಟರ್ ಹೆಸರು ಬದಲಾವಣೆ, ನೋಟಿಸಿಗೆ ಉತ್ತರ ಇಂಥವಕ್ಕೆ ವಟಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಬೇಕು. ಅದನ್ನು ಇಲ್ಲಿದ್ದಾಗಲೇ ಮಾಡಿಕೊಟ್ಟರೆ ಒಂದು ದಿನದ ಕೆಲಸ. ಹೊರದೇಶದಲ್ಲಿ ಮಾಡಿದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಸಹಿ ದೃಢೀಕರಿಸಬೇಕು, ಇಲ್ಲವೇ ಅಲ್ಲಿನ ನೋಟರಿ ಮಾಡಿಸಿ ಅಪೋಸ್ಟಿಲ್ (ಬೇರೆ ದೇಶದಲ್ಲಿ ಮಾನ್ಯವಾಗುವ ಸರ್ಕಾರಿ ಮುದ್ರೆ) ಹಾಕಿಸಬೇಕು. ಮೂಲ ಪ್ರತಿ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಈ ಕೊನೆಯ ಹೆಜ್ಜೆಯನ್ನೇ ಮರೆತು, ಪತ್ರ ಕಪಾಟಿನಲ್ಲಿ ಉಳಿದು ಕೆಲಸ ಕೆಡುತ್ತದೆ. ಪತ್ರದಲ್ಲಿ ತೆರಿಗೆ, ವಿದ್ಯುತ್, ನೀರು, ಬಾಡಿಗೆ ವಿಷಯದ ಅಧಿಕಾರವನ್ನಷ್ಟೇ ಬರೆಸಿ. ಬಿಲ್ ತುಂಬುವವರಿಗೆ ಮನೆ ಮಾರುವ ಅಧಿಕಾರ ಏಕೆ ಬೇಕು?

ಹೆಸ್ಕಾಂ ಬಿಲ್ಲಿನಲ್ಲಿ ಆರ್‌ಆರ್ ನಂಬರ್ (ಸಂಪರ್ಕದ ಸಂಖ್ಯೆ) ಜೊತೆ ಅಕೌಂಟ್ ಐಡಿ ಇರುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ. ಬೀಗ ಹಾಕಿದ ಮನೆಯಲ್ಲಿ ಒಂದು ಯೂನಿಟ್ ಉರಿಯದಿದ್ದರೂ ಮಂಜೂರಾದ ಲೋಡ್‌ಗೆ ತಕ್ಕಂತೆ ನಿಗದಿತ ಶುಲ್ಕ ಬೀಳುತ್ತದೆ. ಹಿಂದೆ ಎಸಿ, ಗೀಸರ್ ಎಂದು 5 ಕಿಲೋವಾಟ್ ತೆಗೆದುಕೊಂಡಿದ್ದರೆ, ಬಹುಕಾಲ ಖಾಲಿ ಇಡುವ ಮನೆಗೆ ಲೋಡ್ ಇಳಿಸಲು ಅರ್ಜಿ ಕೊಡಬಹುದು. ಸಣ್ಣ ಮೊತ್ತದ ಬಿಲ್ಲುಗಳಿಗೆ ಮುಂಗಡವಾಗಿ ಒಂದಿಷ್ಟು ತುಂಬಿಟ್ಟರೆ ತಿಂಗಳು ತಿಂಗಳು ಕಳೆಯುತ್ತಾ ಹೋಗುತ್ತದೆ. ವರ್ಷಕ್ಕೊಮ್ಮೆ ಬರುವ ಹೆಚ್ಚುವರಿ ಠೇವಣಿಯ ನೋಟಿಸನ್ನು ಮಾತ್ರ ಕಡೆಗಣಿಸಬೇಡಿ. ಅದು ಮಾಸಿಕ ಬಿಲ್ಲಿನಿಂದ ಬೇರೆ.

ಮನೆ ಬಾಡಿಗೆಗೆ ಕೊಟ್ಟು ಹೋಗುವುದಾದರೆ ಗೃಹಜ್ಯೋತಿಯ ಜೋಡಣೆ ತೆಗೆಸಿ ಹೋಗಿ. ಮಾಲೀಕರ ಆಧಾರ್ ಆ ಆರ್‌ಆರ್ ನಂಬರಿಗೆ ಅಂಟಿಕೊಂಡಿರುವ ತನಕ ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಿಕೊಳ್ಳಲಾರರು. ಸೇವಾಸಿಂಧುವಿನಲ್ಲಿ ಡಿ–ಲಿಂಕ್ ಮಾಡುವ ಅವಕಾಶ ಇದೆ. ಒಟಿಪಿ ಬರುವುದು ಅದೇ ಹಳೆಯ ಮೊಬೈಲ್‌ಗೆ ಎಂಬುದನ್ನು ಮತ್ತೆ ಹೇಳಬೇಕಿಲ್ಲ.

ನೀರಿನದು ಬೇರೆಯೇ ಪೇಚು. ನಮ್ಮಲ್ಲಿ ಹಲವು ವಾರ್ಡ್‌ಗಳಿಗೆ ನೀರು ಬರುವುದು ಕೆಲವು ದಿನಗಳಿಗೊಮ್ಮೆ. ಹೊರಡುವ ದಿನ ನಳ ಬಂದಿರುವುದಿಲ್ಲ. ಯಾರೋ ತಿರುವಿ ನೋಡಿ, ನೀರಿಲ್ಲವೆಂದು ಹಾಗೇ ಬಿಟ್ಟಿರುತ್ತಾರೆ. ನೀರು ಬಿಟ್ಟಾಗ ತಾಸುಗಟ್ಟಲೆ ಹರಿದು ಟಾಕಿ ತುಂಬಿ ಅಂಗಳಕ್ಕೆ ಬರುತ್ತದೆ, ಮೀಟರ್ ತಿರುಗುತ್ತದೆ. 24 ತಾಸು ನೀರಿರುವ ಪ್ರದೇಶದಲ್ಲಿ ಒತ್ತಡ ಸದಾ ಇರುವುದರಿಂದ ಬಾಲ್‌ಕಾಕ್‌ನ ವಾಶರ್ ಒಣಗಿ ಬಿರಿದರೂ ಸಾಕು, ತಿಂಗಳುಗಟ್ಟಲೆ ಸದ್ದಿಲ್ಲದೆ ಸೋರುತ್ತದೆ. ಒಳಗಿನ ನಳಗಳನ್ನು ನೆಚ್ಚದೆ ಮೀಟರ್ ಪಕ್ಕದ ವಾಲ್ವ್ ಮುಚ್ಚಿ, ಆ ದಿನದ ರೀಡಿಂಗ್ ಫೋಟೊ ತೆಗೆದಿಡಿ. ಗೇಟಿಗೆ ಬೀಗ ಇದ್ದು ಮೀಟರ್ ಒಳಗಿದ್ದರೆ ಸರಾಸರಿ ಬಿಲ್ ಬರುತ್ತದೆ. ಆ ಫೋಟೊ ಇಲ್ಲದೆ ಅದನ್ನು ಪ್ರಶ್ನಿಸುವುದು ಕಷ್ಟ.

ಬ್ಯಾಂಕಿನ ಮಾತಿಗೆ ಬಂದರೆ, ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಪ್ರಕಾರ ಅನಿವಾಸಿಯಾದವರು ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಇಲ್ಲಿನ ವರಮಾನಕ್ಕಾಗಿ ಅನಿವಾಸಿಗಳ ಖಾತೆ) ಆಗಿ ಬದಲಿಸಲೇಬೇಕು. ಬದಲಿಸಿದಾಗ ಹಳೆಯ ಆಟೊ ಡೆಬಿಟ್‌ಗಳು ತಪ್ಪಿಹೋಗುವುದುಂಟು. ಅಪಾರ್ಟ್‌ಮೆಂಟ್ ಮೇಂಟೆನೆನ್ಸ್, ವಿಮೆ, ಗೃಹಸಾಲದ ಕಂತು ಯಾವ ಖಾತೆಯಿಂದ ಹೋಗುತ್ತಿದೆ ಎಂದು ಒಮ್ಮೆ ಪಟ್ಟಿ ಮಾಡಿ. ಎನ್‌ಆರ್‌ಒ ಖಾತೆಗೆ ಊರಲ್ಲಿರುವ ಹತ್ತಿರದ ಬಂಧುವನ್ನು ‘ಫಾರ್ಮರ್ ಆರ್ ಸರ್ವೈವರ್’ (ಮೊದಲ ಹೆಸರಿನವರು ಇರುವ ತನಕ ಖಾತೆ ನಡೆಸುವುದು ಅವರೇ) ನಿಯಮದಡಿ ಜಂಟಿಯಾಗಿ ಸೇರಿಸಬಹುದು. ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಸಿಂಗಪುರ, ಯುಎಇಯಂಥ ದೇಶಗಳ ಮೊಬೈಲ್ ನಂಬರಿನಿಂದಲೇ ಎನ್‌ಆರ್‌ಇ (ಹೊರದೇಶದ ಗಳಿಕೆ ಇಡುವ ಖಾತೆ), ಎನ್‌ಆರ್‌ಒ ಖಾತೆಗೆ ಯುಪಿಐ ಜೋಡಿಸಲು 2023ರಲ್ಲಿ ಅವಕಾಶ ಸಿಕ್ಕಿದೆ. ನಿಮ್ಮ ಬ್ಯಾಂಕ್ ಇದನ್ನು ಕೊಡುತ್ತದೆಯೇ ಎಂದು ಹೊರಡುವ ಮುಂಚೆಯೇ ಕೇಳಿ.

ಬಾಡಿಗೆಯ ತೆರಿಗೆ ನಮ್ಮಲ್ಲಿ ಬಹುಪಾಲು ಜನರಿಗೆ ತಿಳಿಯದ ಸಂಗತಿ. ಮಾಲೀಕರು ಅನಿವಾಸಿಯಾದರೆ ಬಾಡಿಗೆದಾರರೇ ಬಾಡಿಗೆಯಲ್ಲಿ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್, ಅಂದರೆ ಶೇ 31.2 ಕಡಿದು ಮುಂದಿನ ತಿಂಗಳ 7ರೊಳಗೆ ಸರ್ಕಾರಕ್ಕೆ ಕಟ್ಟಬೇಕು. ಇಲ್ಲಿರುವ ಮಾಲೀಕರಿಗೆ ಇರುವಂಥ ಮಾಸಿಕ 50,000 ರೂಪಾಯಿಯ ಮಿತಿ ಇದಕ್ಕೆ ಇಲ್ಲ; 8,000 ಬಾಡಿಗೆಗೂ ಅನ್ವಯ. ಬಾಡಿಗೆದಾರರು ಟ್ಯಾನ್ (ತೆರಿಗೆ ಕಡಿಯುವವರಿಗೆ ಕೊಡುವ) ಸಂಖ್ಯೆ ಪಡೆಯಬೇಕು, ತ್ರೈಮಾಸಿಕ ವಿವರ ಸಲ್ಲಿಸಬೇಕು. ಬಾಡಿಗೆಗಷ್ಟೇ ಬದುಕುವ ಮಾಲೀಕರ ವರಮಾನ ಕಡಿಮೆ ಇದ್ದರೆ ಕಡಿಮೆ ದರದ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಬಹುದು, ಹೆಚ್ಚು ಕಡಿದದ್ದನ್ನು ರಿಟರ್ನ್ ತುಂಬಿ ವಾಪಸ್ ಪಡೆಯಬಹುದು. ಇದನ್ನು ಮುಚ್ಚಿಟ್ಟು ಮನೆ ಬಾಡಿಗೆಗೆ ಕೊಟ್ಟರೆ ನಾಳೆ ನೋಟಿಸ್ ಬರುವುದು ಏನೂ ಅರಿಯದ ಬಾಡಿಗೆದಾರರಿಗೆ. ಕರಾರುಪತ್ರದಲ್ಲೇ ಬರೆದು ತಿಳಿಸುವುದು ನ್ಯಾಯ. ಪ್ಯಾನ್‌ನಲ್ಲೂ ‘ಅನಿವಾಸಿ’ ಎಂದು ಬದಲಿಸಿಕೊಳ್ಳಿ. ಆಧಾರ್ ಜೋಡಿಸದ ಅನಿವಾಸಿಗಳ ಪ್ಯಾನ್‌ಗಳು 2023ರ ಜುಲೈನಿಂದ ನಿಷ್ಕ್ರಿಯವಾಗಿದ್ದಕ್ಕೆ ಒಂದು ಕಾರಣ, ಇಲಾಖೆಯ ದಾಖಲೆಯಲ್ಲಿ ಅವರು ಇನ್ನೂ ನಿವಾಸಿಗಳೇ ಆಗಿದ್ದದ್ದು.

ಇನ್ನು ಹೋದ ಊರಿನ ಮನೆ. ನಮ್ಮಲ್ಲಿ ಪಟ್ಟಿ ತುಂಬುವುದು ಮನೆ ಮಾಲೀಕರ ಕೆಲಸ, ಬಾಡಿಗೆಯವರಿಗೆ ಕರೆಂಟ್ ಬಿಲ್ ಅಷ್ಟೇ ಎಂಬ ರೂಢಿಯಲ್ಲಿ ಬೆಳೆದವರು ಬ್ರಿಟನ್ನಿಗೆ ಹೋಗಿ ಎಡವುವುದು ಇಲ್ಲೇ. ಅಲ್ಲಿ ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಕಟ್ಟುವ ಮನೆ ತೆರಿಗೆ) ಸಾಮಾನ್ಯವಾಗಿ ಮನೆಯಲ್ಲಿ ವಾಸಿಸುವವರ ಮೇಲೆ. ಗಂಡ ಒಬ್ಬನೇ ಇದ್ದಾಗ ಶೇ 25 ರಿಯಾಯಿತಿ ಪಡೆದಿರುತ್ತಾನೆ. ಹೆಂಡತಿ ಬಂದು ಸೇರಿದ ದಿನದಿಂದ ಆ ರಿಯಾಯಿತಿ ಸಲ್ಲದು; ಆಕೆ ವಿದ್ಯಾರ್ಥಿನಿಯಾಗಿದ್ದು ಲೆಕ್ಕದಿಂದ ಹೊರಗಿದ್ದರೆ ಮಾತು ಬೇರೆ. ತಿಳಿಸದೆ ಬಿಟ್ಟರೆ ಹಿಂದಿನದನ್ನೂ ಸೇರಿಸಿ ವಸೂಲಿ ಮಾಡುತ್ತಾರೆ, ಗಂಡ ಹೆಂಡತಿ ಇಬ್ಬರೂ ಜಂಟಿ ಹೊಣೆ. ತೆರಿಗೆ ವರ್ಷ ನಮ್ಮಂತೆ ಏಪ್ರಿಲ್‌ಗೇ ಶುರು. 10 ಕಂತು, ಕೇಳಿದರೆ 12 ಕಂತು. ಒಂದು ಕಂತು ತಪ್ಪಿ ಜ್ಞಾಪನ ಪತ್ರ ಬಂದ 7 ದಿನದೊಳಗೆ ಕಟ್ಟದಿದ್ದರೆ ವರ್ಷದ ಉಳಿದ ಮೊತ್ತವನ್ನೆಲ್ಲ ಒಟ್ಟಿಗೆ ಕೇಳುವ ಅಧಿಕಾರ ಕೌನ್ಸಿಲ್‌ಗಿದೆ. ಸಂಬಳ ಕಡಿಮೆ ಎಂದು ‘ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್’ಗೆ ಅರ್ಜಿ ಹಾಕುವ ಮುಂಚೆ ವೀಸಾದ ಷರತ್ತು ಓದಿ. ಸರ್ಕಾರಿ ನೆರವು ಪಡೆಯುವಂತಿಲ್ಲ ಎಂದಿದ್ದರೆ ಇದು ಆ ನೆರವಿನಲ್ಲೇ ಬರುತ್ತದೆ. ಒಬ್ಬರೇ ಇರುವವರ ಶೇ 25 ರಿಯಾಯಿತಿ ಆ ಲೆಕ್ಕಕ್ಕೆ ಬರುವುದಿಲ್ಲ.

ಬೀಗದ ಕೈ ಸಿಕ್ಕ ದಿನವೇ ಗ್ಯಾಸ್, ಕರೆಂಟ್ ಮೀಟರ್ ಎರಡರ ಫೋಟೊ ತೆಗೆದು ಕಂಪನಿಗೆ ಕಳಿಸಿ. ಇಲ್ಲದಿದ್ದರೆ ಅಂದಾಜು ಬಿಲ್ ಬಂದು ಹಿಂದಿನವರು ಉರಿಸಿದ್ದೂ ನಿಮ್ಮ ತಲೆಗೆ. ಹಳೆಯ ಗ್ಯಾಸ್ ಮೀಟರ್ ನೂರು ಘನ ಅಡಿಗಳ ಲೆಕ್ಕದಲ್ಲಿ ಅಳೆಯುತ್ತದೆ, ಹೊಸದು ಘನ ಮೀಟರಿನಲ್ಲಿ. ಕಂಪನಿಯ ದಾಖಲೆಯಲ್ಲಿ ಇದು ಅದಲು ಬದಲಾದರೆ ಬಿಲ್ ಸುಮಾರು 2.8 ಪಟ್ಟು ತಪ್ಪುತ್ತದೆ. ಮೀಟರ್ ಮುಖದ ಮೇಲಿನ ಗುರುತನ್ನು ಬಿಲ್ಲಿನೊಂದಿಗೆ ತಾಳೆ ನೋಡಿ. ‘ದಿ ಆಕ್ಯುಪೈಯರ್’ (ಮನೆಯಲ್ಲಿ ವಾಸಿಸುವವರು) ಎಂದು ಬಂದ ಪತ್ರವನ್ನು ನಮ್ಮದಲ್ಲವೆಂದು ಎಸೆಯಬೇಡಿ, ಅದು ನಿಮಗೇ ಬಂದದ್ದು. ಇಂಗ್ಲೆಂಡಿನಲ್ಲಿ ನೀರಿನ ಬಿಲ್ ಪ್ರತ್ಯೇಕ, ಸ್ಕಾಟ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸ್ ಜೊತೆಗೇ ಬರುತ್ತದೆ.

ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು. ಅದಾದ ಮೇಲೆ ಪ್ರಸಾರ (ಟಿವಿ–ರೇಡಿಯೊ) ಶುಲ್ಕದ ಪತ್ರ ಹೆಂಡತಿಯ ಹೆಸರಿಗೂ ಬರುತ್ತದೆ. ಶುಲ್ಕ ಮನೆಗೊಂದೇ, ಹಾಗಾಗಿ ಗಂಡನ ಖಾತೆ ಸಂಖ್ಯೆ ಬರೆದು ಉತ್ತರಿಸಿ. ಸುಮ್ಮನಿದ್ದರೆ ಎರಡು ಸಲ ಕಟ್ಟಬೇಕಾಗುತ್ತದೆ. ದುಬೈನಲ್ಲಿ ವರ್ಷದ ಬಾಡಿಗೆಯ ಶೇ 5ರಷ್ಟು ವಸತಿ ಶುಲ್ಕ ಕರೆಂಟು–ನೀರಿನ ಬಿಲ್ಲಿನೊಳಗೇ 12 ಭಾಗವಾಗಿ ಸೇರಿರುತ್ತದೆ.

ಎಲ್ಲಿಗೇ ಹೋಗಲಿ, ಬಿಲ್ಲುಗಳಲ್ಲಿ ಇಬ್ಬರ ಹೆಸರೂ ಇರಲಿ. ಬ್ರಿಟನ್ನಿನಲ್ಲಿ ಸಂಗಾತಿ ವೀಸಾ ಮುಂದುವರಿಸುವಾಗ ಇಬ್ಬರೂ ಒಂದೇ ವಿಳಾಸದಲ್ಲಿ ಬಾಳುತ್ತಿದ್ದಾರೆ ಎಂಬುದಕ್ಕೆ ಕೌನ್ಸಿಲ್ ಟ್ಯಾಕ್ಸ್, ಕರೆಂಟು, ನೀರಿನ ಬಿಲ್ಲುಗಳೇ ಪುರಾವೆ. ಬ್ಯಾಂಕ್ ಖಾತೆ ತೆರೆಯಲೂ ವಿಳಾಸದ ಪುರಾವೆ ಕೇಳುತ್ತಾರೆ. ಎಲ್ಲವೂ ಗಂಡನ ಹೆಸರಿನಲ್ಲಿದ್ದರೆ ಹೆಣ್ಣುಮಗಳು ಆ ಊರಿನಲ್ಲಿ ವರ್ಷಗಟ್ಟಲೆ ಇದ್ದೂ ಕಾಗದದಲ್ಲಿ ಇಲ್ಲದವಳಾಗುತ್ತಾಳೆ. ಮದುವೆ ಮಾಡಿ ಕಳಿಸುವ ತಂದೆತಾಯಿ ಇದನ್ನು ಅಳಿಯಂದಿರ ಬಳಿ ಸಂಕೋಚವಿಲ್ಲದೆ ಪ್ರಸ್ತಾಪಿಸಬೇಕು.

ಪಾಲಿಕೆ ಮತ್ತು ಹೆಸ್ಕಾಂಗೆ ಒಂದು ವಿನಂತಿ. ಪಟ್ಟಿ ತುಂಬಲು, ಮೀಟರ್ ಹೆಸರು ಬದಲಿಸಲು ಬಂದ ಪ್ರತಿಯೊಬ್ಬರಿಂದಲೂ ಮಾಲೀಕರ ಇಮೇಲ್ ಹಾಗೂ ಊರಲ್ಲಿರುವ ಇನ್ನೊಬ್ಬರ ಮೊಬೈಲ್ ನಂಬರನ್ನು ಸಿಬ್ಬಂದಿಯೇ ಕೇಳಿ ದಾಖಲಿಸಿಕೊಳ್ಳಲಿ. ಮಾರ್ಚ್ ಕೊನೆಯ ವಾರ ಇಬ್ಬರಿಗೂ ಒಂದು ಸಂದೇಶ ಹೋದರೆ ಏಪ್ರಿಲ್‌ನಲ್ಲೇ ಪಟ್ಟಿ ಬರುತ್ತದೆ. ಗದಗ–ಬೆಟಗೇರಿ, ಹಾವೇರಿ ನಗರಸಭೆಗಳೂ ಈ ಏಪ್ರಿಲ್‌ನಿಂದಲೇ ಇದನ್ನು ಶುರು ಮಾಡಬಹುದು.

– ತೆರಿಗೆ ಸಲಹೆಗಾರರೊಬ್ಬರು, ಹುಬ್ಬಳ್ಳಿ