ಮರದ ಪೊಟರೆಯನ್ನೂ ಸ್ವಲ್ಪ ನೋಡಿ

ಮಾನ್ಯ ಸಂಪಾದಕರೇ,

ಹದಿನೈದು ದಿನದ ಹಿಂದೆ ನಮ್ಮ ಓಣಿಗೆ ಸೊಳ್ಳೆಯ ಲಾರ್ವಾ (ಮರಿಹುಳ) ಸಮೀಕ್ಷೆಯವರು ಬಂದಿದ್ದರು. ಬ್ಯಾರೆಲ್ಲು ನೋಡಿದರು, ಫ್ರಿಜ್ಜಿನ ಹಿಂದಿನ ಟ್ರೇ ನೋಡಿದರು, ಹೂಕುಂಡದ ತಟ್ಟೆಯನ್ನೂ ಬಿಡಲಿಲ್ಲ. ಗೋಡೆ ಮೇಲೆ ಚಾಕ್‌ಪೀಸಿನಲ್ಲಿ ತಾರೀಖು ಬರೆದು ಹೊರಟರು. ಗೇಟಿನ ಪಕ್ಕದ ಹಳೇ ಮಾವಿನ ಮರದ ಕಡೆ ಯಾರೂ ತಲೆ ಎತ್ತಲಿಲ್ಲ. ಕೇಳಿದರೆ, ‘ಮರದಾಗ ಏನ್ ಇರ್ತದ್ರೀ ಸರ?’ ಎಂದು ನಕ್ಕರು.

ಅವರು ಹೋದ ಮೇಲೆ ಸ್ಟೂಲು ಹಾಕಿ ಹತ್ತಿದೆ. ಕರೆಂಟಿನ ತಂತಿಗೆ ತಾಗುತ್ತದೆ ಎಂದು ಎಂದೋ ಕಡಿದ ಕೊಂಬೆಯ ಬುಡ ಕೊಳೆತು, ಅಂಗೈ ಅಗಲದ ಪೊಟರೆಯಾಗಿದೆ. ಒಳಗೆ ಚಹಾ ಡಿಕಾಕ್ಷನ್ನಿನಂಥ ನೀರು. ಸೌಟು ಹೋಗದ ಜಾಗ. ದೊಡ್ಡ ಸಿರಿಂಜಿಗೆ ರಬ್ಬರ್ ನಳಿಗೆ ಸಿಕ್ಕಿಸಿ ಎಳೆದು, ಬಿಳಿ ತಟ್ಟೆಗೆ ಬಿಟ್ಟೆ. ಮೊದಲು ಬರೀ ಕೆಸರು. ಅದು ತಳಕ್ಕೆ ಕೂತ ಮೇಲೆ ನೋಡಿದರೆ ಹನ್ನೊಂದು ಮರಿಹುಳ ತಲೆಕೆಳಗಾಗಿ ನೇತಾಡುತ್ತಿವೆ! ಕೈ ನೆರಳು ಬಿದ್ದರೆ ಸಾಕು, ಸರ್ರನೆ ಕೆಳಗಿಳಿಯುತ್ತವೆ. ಹಾಗಾಗಿ ಒಮ್ಮೆ ಎಳೆದು ಸುಮ್ನಾದರೆ ಆಗದು. ಎರಡು ನಿಮಿಷ ಬಿಟ್ಟು ಮತ್ತೆ ಎಳೆಯಬೇಕು. ಬಾಟಲಿಗೆ ಹಾಕಿ, ಬಾಯಿಗೆ ಜಾಳಿ ಬಟ್ಟೆ ಕಟ್ಟಿಟ್ಟೆ. ವಾರದೊಳಗೆ ಹೊರಬಂದ ಸೊಳ್ಳೆಯ ಬೆನ್ನಿನ ಮೇಲೆ ಒಂದೇ ಬಿಳಿ ಗೆರೆ. ಈಡಿಸ್ ಆಲ್ಬೊಪಿಕ್ಟಸ್. ಡೆಂಗಿ, ಚಿಕುನ್‌ಗುನ್ಯಾ ಎರಡನ್ನೂ ಹರಡಬಲ್ಲ ಜಾತಿ.

ಬೇಸಿಗೆಯಲ್ಲಿ ಪೊಟರೆ ಒಣಗಿದೆ ಎಂದು ನಂಬುವ ಹಾಗಿಲ್ಲ. ಈಡಿಸ್ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ತಡೆಯುತ್ತದೆ. ಒಳಗಿನ ಒಣ ಎಲೆ, ಪುಡಿಯನ್ನು ಕೆರೆದು ತಂದು ನೀರಲ್ಲಿ ನೆನೆಸಿಟ್ಟರೆ ಗುಟ್ಟು ರಟ್ಟಾಗುತ್ತದೆ.

ಮರದ ಮೇಲೆ ಸೊಳ್ಳೆ ಹುಡುಕುವುದು ನನ್ನ ಹುಚ್ಚೇನಲ್ಲ. ಕೊಲಂಬಿಯಾದ ಕಾಡಿನಲ್ಲಿ ಮರ ಉರುಳಿದಾಗ, ಮೇಲಿದ್ದ ನೀಲಿ ಸೊಳ್ಳೆಗಳು ಮರ ಕಡಿಯುವವರನ್ನು ಮುತ್ತುವುದನ್ನು ಗಮನಿಸಿದವರು ಹೋರ್ಹೆ ಬೋಷೆಲ್ ಎಂಬ ವಿಜ್ಞಾನಿ. ಕಾಡಿನ ಹಳದಿ ಜ್ವರದ ಮೂಲ ತಿಳಿದದ್ದು ಹಾಗೆ. ಅದೇ ಮನುಷ್ಯ ಮುಂದೆ ನಮ್ಮ ಮಲೆನಾಡಿನ ಮಂಗನ ಕಾಯಿಲೆ ಅಧ್ಯಯನಕ್ಕೂ ಬಂದಿದ್ದರು.

ಸಮೀಕ್ಷೆಯವರ ಚೀಲದಲ್ಲಿ ಒಂದು ಸಿರಿಂಜು, ಒಂದು ಟಾರ್ಚು ಇದ್ದರೆ ಜಾಸ್ತಿ ಖರ್ಚಾಗದು. ಕೈಗೆಟುಕದ ಕೊಂಬೆಗೆ ಓವಿಟ್ರ್ಯಾಪ್ ಕಟ್ಟಬಹುದು. ಅಂದರೆ ಕಪ್ಪು ಡಬ್ಬಿ, ಅರ್ಧ ನೀರು, ಅಂಚಿಗೊಂದು ಒರಟು ಬಟ್ಟೆಯ ಪಟ್ಟಿ. ಹೆಣ್ಣು ಸೊಳ್ಳೆ ಆ ಪಟ್ಟಿಯ ಮೇಲೆ ಮಸಿಪುಡಿಯಂಥ ಮೊಟ್ಟೆ ಇಡುತ್ತದೆ, ಎಣಿಸಬಹುದು. ಆದರೆ ಐದು ದಿನಕ್ಕೊಮ್ಮೆ ಇಳಿಸಲೇಬೇಕು. ಮರೆತರೆ ನಾವೇ ಸೊಳ್ಳೆ ಸಾಕಿದಂತೆ!

2024ರ ಸೆಪ್ಟೆಂಬರಿನಲ್ಲಿ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಸಾರಿ, ಸೊಳ್ಳೆ ಬೆಳೆಸುವ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಮಾಡಿತು. ರಸ್ತೆ ಬದಿಯ ಮರಕ್ಕೆ ಆ ಚೀಟಿ ಯಾರ ಹೆಸರಿಗೆ ಹರಿಯಬೇಕೋ!

ಇಷ್ಟು ಓದಿ ಯಾರೂ ಕೊಡಲಿ ಹಿಡಿಯಬೇಡಿ. ಮರದ್ದೇನು ತಪ್ಪು? ನಾನು ನಮ್ಮ ಪೊಟರೆಗೆ ಮರಳು ತುಂಬಿದ್ದೇನೆ. ಎದುರಿನ ಗುಲ್‌ಮೊಹರಿನಲ್ಲೂ ಒಂದಿದೆ. ಅದಕ್ಕೆ ನನ್ನ ಸ್ಟೂಲು ಸಾಲದು, ಏಣಿ ತರುವವರು ಬರಬೇಕು.

— ನಿವೃತ್ತ ಜೀವಶಾಸ್ತ್ರ ಮಾಸ್ತರ, ಮಾಳಮಡ್ಡಿ, ಧಾರವಾಡ