ನಿನ್ನ ಬಚ್ಚಲಿನ ನೀರು ನಮ್ಮ ಕೆರೆಗೆ ಬರುತ್ತದೆ

ಚಿ. ಸೌ. ಪುಟ್ಟಿಗೆ,

ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಈ ಸಲ ಮಾವಿನ ಫಸಲು ಕಡಿಮೆ. ಆದರೂ ನಿನ್ನ ಪಾಲಿನ ಉಪ್ಪಿನಕಾಯಿ ಎತ್ತಿಟ್ಟಿದ್ದೇನೆ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತಿಗೆ ಅಲ್ಲೇ ಉತ್ತರ ಹೇಳಲು ಆಗಲಿಲ್ಲ. ಬೆಂಗಳೂರಿನ ನಿಮ್ಮ ಬಡಾವಣೆಯ ಸಂಘಕ್ಕೆ ನಿನ್ನನ್ನು ಕಾರ್ಯದರ್ಶಿ ಮಾಡಿದ್ದಾರೆ, ಜೂನ್ 5ರ ಪರಿಸರ ದಿನಕ್ಕೆ ಕೆರೆ ಪಕ್ಕದಲ್ಲಿ 500 ಸಸಿ ನೆಡಬೇಕೆಂದಿದ್ದೀರಿ, ಯಾವ ಗಿಡ ಒಳ್ಳೆಯದು ಅಂತ ಕೇಳಿದೆ. ನಮ್ಮ ಮನೆ ಹುಡುಗಿ ಹತ್ತು ಜನರ ಕೆಲಸಕ್ಕೆ ಮುಂದೆ ನಿಂತಿದ್ದಾಳೆ ಅಂತ ಹೆಮ್ಮೆಯಾಯಿತು. ಆದರೆ 500 ಅಂದಿದ್ದು ಕೇಳಿ ಹಳೆಯದೊಂದು ನೆನಪು ಚುಚ್ಚಿತು. ಅದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ನಾನು ಮೇಷ್ಟರ ಕೆಲಸಕ್ಕೆ ಸೇರಿದ ಹೊಸದು. ವನಮಹೋತ್ಸವಕ್ಕೆ ಶಾಲೆಯ ಮಕ್ಕಳನ್ನೆಲ್ಲ ಗೋಮಾಳಕ್ಕೆ ಕರೆದುಕೊಂಡು ಹೋಗಿ ಒಂದೇ ದಿನ 300 ಸಸಿ ನೆಡಿಸಿದೆ. ಹುಡುಗರು ಕೈ ಬೊಬ್ಬೆ ಬರುವ ಹಾಗೆ ಗುಂಡಿ ತೋಡಿದರು. ಎಲ್ಲರಿಗೂ ಮಂಡಕ್ಕಿ ಹಂಚಿದ್ದಾಯಿತು, ಫೋಟೋ ತೆಗೆಸಿದ್ದಾಯಿತು. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಅತ್ತ ಹೋದರೆ ಅರ್ಧಕ್ಕರ್ಧ ಒಣಗಿ ನಿಂತಿತ್ತು, ಉಳಿದದ್ದನ್ನು ಮೇಕೆ ಮೇಯ್ದಿದ್ದವು. ಯುಗಾದಿಗೆ ಬದುಕಿದ್ದು ನಾಲ್ಕೇ ಗಿಡ. ಗುಂಡಿ ಯಾರು ತೋಡಬೇಕು ಅಂತ ಪಟ್ಟಿ ಬರೆದಿದ್ದೆ, ನೀರು ಯಾರು ಹಾಕಬೇಕು ಅಂತ ಬರೆದಿರಲಿಲ್ಲ. ಮೂರನೇ ಕ್ಲಾಸಿನ ಒಬ್ಬಳು ಹುಡುಗಿ ಬಂದು "ಮಿಸ್, ನನ್ನ ಗಿಡ ಎಲ್ಲಿ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮರುವರ್ಷ ಹನ್ನೆರಡೇ ಗಿಡ ನೆಟ್ಟೆವು. ಹೊಂಗೆ, ಬೇವು, ನೇರಳೆ, ಒಂದೆರಡು ಹುಣಸೆ. ಪ್ರತಿ ಗಿಡದ ಪಕ್ಕ ಒಂದು ಹಳೆಯ ಮಡಕೆ ಹೂತು, ತಳಕ್ಕೆ ಸಣ್ಣ ತೂತು ಮಾಡಿ, ಅದಕ್ಕೆ ಹಳೇ ಸೀರೆಯ ಬತ್ತಿ ತುರುಕಿದೆವು. ವಾರಕ್ಕೆ ಎರಡು ಸಲ ಮಡಕೆ ತುಂಬಿದರೆ ನೀರು ತೊಟ್ಟು ತೊಟ್ಟಾಗಿ ಬೇರಿಗೆ ಇಳಿಯುತ್ತದೆ, ಬಿಸಿಲಿಗೆ ಆವಿಯಾಗಿ ಹೋಗುವುದಿಲ್ಲ. ಸುತ್ತ ಜಾಲಿ ಮುಳ್ಳಿನ ಬೇಲಿ. ಒಂದು ಗಿಡಕ್ಕೆ ಮೂರು ಮಕ್ಕಳು, ಬೇಸಿಗೆ ರಜೆಗೂ ಸರದಿ. ಅದರಲ್ಲಿ ಒಂಬತ್ತು ಮರ ಇವತ್ತಿಗೂ ಇವೆ. ನೀನು ಚಿಕ್ಕವಳಿದ್ದಾಗ ನೇರಳೆಹಣ್ಣು ತಿಂದು ನಾಲಿಗೆ ನೀಲಿ ಮಾಡಿಕೊಳ್ಳುತ್ತಿದ್ದದ್ದು ಅದೇ ಮರದ್ದು.

ಸಾಲುಮರದ ತಿಮ್ಮಕ್ಕನವರು ಹುಲಿಕಲ್ಲಿನಿಂದ ಕುದೂರಿನ ದಾರಿಗೆ ಮೊದಲ ವರ್ಷ ಇಟ್ಟಿದ್ದು ಹತ್ತೇ ಆಲದ ಗಿಡವಂತೆ. ಮಾರನೇ ವರ್ಷ ಹದಿನೈದು, ಅದರ ಮುಂದಿನ ವರ್ಷ ಇಪ್ಪತ್ತು. ಗಂಡ ಹೆಂಡತಿ ಬಿಂದಿಗೆ ಹೊತ್ತು ಮೈಲಿಗಟ್ಟಲೆ ನಡೆದು ನೀರು ಹಾಕಿದ್ದಾರೆ, ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿದ್ದಾರೆ. ನೀವೂ ಎಷ್ಟು ಗಿಡಕ್ಕೆ ಮೂರು ಬೇಸಿಗೆ ನೀರು ಹಾಕಬಲ್ಲಿರೋ ಅಷ್ಟೇ ನೆಡಿ. ಇಪ್ಪತ್ತಾದರೆ ಇಪ್ಪತ್ತು.

ಗಿಡದ ವಿಷಯ ಇಷ್ಟು ಸಾಕು. ನಿನಗೆ ನಾನು ಹೇಳಬೇಕಾದ ಮುಖ್ಯ ಮಾತು ಬೇರೆ ಇದೆ.

ನೀನಿರುವ ಎಚ್‌ಎಸ್‌ಆರ್ ಬಡಾವಣೆ ಕೋರಮಂಗಲ–ಚಲ್ಲಘಟ್ಟ ಕಣಿವೆಗೆ ಸೇರಿದ್ದು. ನೀನು ಬೆಳಿಗ್ಗೆ ಪಾತ್ರೆ ತೊಳೆದ ನೀರು, ಬಟ್ಟೆ ಒಗೆದ ನೀರು, ಬಚ್ಚಲಿನ ನೀರು ಎಲ್ಲ ಒಳಚರಂಡಿಯಲ್ಲಿ ಇಳಿಜಾರು ಹಿಡಿದು ಬೆಳ್ಳಂದೂರಿನ ಕಡೆ ಹೋಗುತ್ತದೆ. ಅಲ್ಲಿನ ಘಟಕಗಳಲ್ಲಿ ಶುದ್ಧ ಮಾಡಿ, ಪಂಪು ಹಾಕಿ, ಪೈಪಿನಲ್ಲಿ ನಮ್ಮ ಕೋಲಾರ ಜಿಲ್ಲೆಗೆ ಕಳಿಸುತ್ತಾರೆ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರದ ಕೆರೆಗೆ ಬಂತು. ಆಮೇಲೆ ಕೆರೆಯಿಂದ ಕೆರೆಗೆ ಕೋಡಿ ಹರಿದು ಮುಂದಕ್ಕೆ ಬಂತು. ದಿನಕ್ಕೆ 44 ಕೋಟಿ ಲೀಟರ್, ನೂರಿಪ್ಪತ್ತಕ್ಕೂ ಹೆಚ್ಚು ಕೆರೆ ಅನ್ನುವುದು ಯೋಜನೆಯ ಲೆಕ್ಕ. ಹಾಗೆ ಬಂದ ನೀರು ನಮ್ಮೂರ ಕೆರೆಗೂ ಸೇರಿದೆ. ನೀನು ಚೆಲ್ಲಿದ ನೀರು ನಿನ್ನ ಅತ್ತೆಯ ಊರಿನಲ್ಲಿ ನಿಂತಿದೆ ಪುಟ್ಟಿ. ಯಾರಿಗಾದರೂ ಪರಿಸರದ ಮಾತು ಹೇಳುವ ಮುಂಚೆ ನೀನು ಇದನ್ನು ತಿಳಿದಿರಬೇಕು.

ನೀರು ಬಂದಾಗ ನಾವು ಅತ್ತೆವು. ಉತ್ಪ್ರೇಕ್ಷೆ ಅಲ್ಲ. ನದಿ ಇಲ್ಲದ ಸೀಮೆ ನಮ್ಮದು. ಸಾವಿರ ಅಡಿ ದಾಟಿ ಕೊರೆಸಿದರೂ ಬರೀ ಧೂಳು ಬರುತ್ತಿದ್ದ ಕಾಲ ಅದು. ನಿನ್ನ ದೊಡ್ಡಪ್ಪ ಮೂರು ಬೋರ್‌ವೆಲ್ ಹಾಕಿಸಿ ಸಾಲ ಮೈಮೇಲೆ ಎಳೆದುಕೊಂಡಿದ್ದು ನಿನಗೆ ಗೊತ್ತೇ ಇದೆ. ಕೆರೆಯಲ್ಲಿ ನೀರು ನಿಂತ ಮೇಲೆ ಸುತ್ತಲ ಬಾವಿಗಳಲ್ಲಿ ಜೀವ ಬಂತು. ಆದರೆ ಲಕ್ಷ್ಮೀಸಾಗರದಲ್ಲಿ ಒಂದು ತಿಂಗಳಿಗೇ ನೊರೆ ಎದ್ದಿದ್ದನ್ನೂ ಪೇಪರಿನಲ್ಲಿ ನೋಡಿದೆವು. ಜನ ಕೋರ್ಟಿಗೆ ಹೋದರು, ನೀರು ಬರುವುದು ನಿಂತಿತು, ಮತ್ತೆ ಬಂತು. ಬರುವ ನೀರು ಎರಡನೇ ಹಂತದವರೆಗೆ ಮಾತ್ರ ಶುದ್ಧವಾದದ್ದು. ಸೋಪಿನ ಪುಡಿಯಲ್ಲಿರುವ ರಂಜಕ, ಮಲಮೂತ್ರದ ಸಾರಜನಕ ಅಷ್ಟರಲ್ಲಿ ಪೂರ್ತಿ ಹೋಗುವುದಿಲ್ಲ. ಅದನ್ನು ತಿಂದು ಪಾಚಿ, ಅಂತರಗಂಗೆ ಬೆಳೆಯುತ್ತವೆ. ಮೂರನೇ ಹಂತಕ್ಕೂ ಶುದ್ಧ ಮಾಡಿ ಕೊಡಿ ಅಂತ ಇಲ್ಲಿಯವರು ಕೇಳುತ್ತಲೇ ಇದ್ದಾರೆ. ಅದು ಸರ್ಕಾರ ಮಾಡಬೇಕಾದ ಕೆಲಸ, ನಾವು ಕೇಳುವುದನ್ನು ಬಿಡುವುದಿಲ್ಲ. ಅಲ್ಲಿಂದ ನೀವೂ ದನಿ ಸೇರಿಸಿದರೆ ನಮಗೆ ಬಲ. ಆದರೆ ಮೋರಿಗೆ ಏನು ಬೀಳಬೇಕು, ಏನು ಬೀಳಬಾರದು ಅನ್ನುವುದು ನಿನ್ನ ಅಡುಗೆಮನೆಯಲ್ಲೇ ತೀರ್ಮಾನವಾಗುತ್ತದೆ. ಕರಿದ ಎಣ್ಣೆ ಸಿಂಕಿಗೆ ಸುರಿಯಬೇಡ. ಅವಧಿ ಮುಗಿದ ಮಾತ್ರೆ, ಔಷಧಿ ಸುರಿಯಬೇಡ. ಫಾಸ್ಫೇಟ್, ಅಂದರೆ ಆ ರಂಜಕ, ಇಲ್ಲದ ಸೋಪಿನ ಪುಡಿ ಸಿಗುತ್ತದೆ, ಪ್ಯಾಕೆಟ್ಟಿನ ಹಿಂದೆ ಓದಿ ತಗೋ, ಅದನ್ನೂ ಅರ್ಧ ಚಮಚ ಕಡಿಮೆ ಹಾಕು. ನಿಮ್ಮ ಬೀದಿಯ ಹತ್ತು ಮನೆಯಲ್ಲಿ ಇಷ್ಟು ನಡೆದರೆ ಸಾಕು, ಅದು ದೊಡ್ಡ ಕೆಲಸವೇ.

ಕಸದ ಕಥೆಯೂ ಇದೇ. ನಿಮ್ಮ ಊರಿನ ಕಸ ಎಷ್ಟೋ ವರ್ಷ ಮಂಡೂರಿನಲ್ಲಿ, ಮಾವಳ್ಳಿಪುರದಲ್ಲಿ ಬೆಟ್ಟವಾಗಿ ಬಿದ್ದಿತ್ತು. ಅಲ್ಲಿಯ ಬಾವಿ ಕೆಟ್ಟವು, ನೊಣ ಸೊಳ್ಳೆ ತುಂಬಿದವು. ಹಳ್ಳಿಯವರು ದಾರಿಗೆ ಅಡ್ಡ ಮಲಗಿದ ಮೇಲೆ ಲಾರಿ ನಿಂತಿದ್ದು. ಮನೆಯಲ್ಲೇ ಬೇರ್ಪಡಿಸಬೇಕೆಂದು 2012ರಲ್ಲಿ ಹೈಕೋರ್ಟು ಹೇಳಿತು, 2015ರ ಕೊನೆಗೆ ಎರಡು ಬುಟ್ಟಿ ಒಂದು ಚೀಲ ಅಂತ ಬಿಡಿಸಿಯೂ ಹೇಳಿತು. ಹಸಿರು ಬುಟ್ಟಿಗೆ ಹಸಿಕಸ, ಕೆಂಪು ಬುಟ್ಟಿಗೆ ಪ್ಯಾಡು, ಡೈಪರ್, ಬ್ಯಾಂಡೇಜು, ಚೀಲಕ್ಕೆ ಒಣಕಸ. ಇಷ್ಟೇ.

ಕಳೆದ ಸಲ ನಿನ್ನ ಮನೆಗೆ ಬಂದಾಗ ಬೆಳಿಗ್ಗೆ ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತಿದ್ದೆ. ಕೆಳಗೆ ಕಸದ ಆಟೋ. ಹಿಂದೆ ನಿಂತಿದ್ದ ಹೆಣ್ಣುಮಗಳು ಒಂದು ಕಟ್ಟಿದ ಕವರು ಬಿಚ್ಚಿ ಕೈ ಹಾಕಿದಳು. ಅನ್ನ, ಮೊಟ್ಟೆ ಚಿಪ್ಪು, ಪ್ಲಾಸ್ಟಿಕ್ಕು, ಮಗುವಿನ ಡೈಪರು, ಎಲ್ಲ ಒಂದರಲ್ಲೇ. ಸಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು. ಶೇವಿಂಗ್ ಬ್ಲೇಡು. ಬೆರಳನ್ನು ಸೆರಗಿನ ತುದಿಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಕೆಲಸ ಮುಂದುವರಿಸಿದಳು. ನಾನು ಕೆಳಗೆ ಇಳಿಯುವಷ್ಟರಲ್ಲಿ ಆಟೋ ಮುಂದಿನ ಬೀದಿಗೆ ಹೋಗಿತ್ತು. ಆ ಕವರು ನಿಮ್ಮ ಮನೆಯದ್ದಲ್ಲ ಅಂತ ನೀನು ಹೇಳಿದೆ, ನಿಜವಿರಬಹುದು. ಕಾರ್ಯದರ್ಶಿಯಾದ ಮೇಲೆ ಅದು ನಿನ್ನದೂ ಹೌದು ಅಂತ ತಿಳಿದು ನಡೆ. ಮೊದಲ ಸಭೆಗೆ ಆಕೆಯನ್ನು ಕರೆ. ಕುರ್ಚಿ ಕೊಟ್ಟು ಕೂರಿಸಿ, ಯಾವ ಮನೆಯವರು ಹೇಗೆ ಕೊಡುತ್ತಾರೆ ಅಂತ ಆಕೆ ಬಾಯಿಂದಲೇ ಎಲ್ಲರೂ ಕೇಳಲಿ. ಮನೆಕೆಲಸಕ್ಕೆ ಬರುವವರನ್ನೂ ಕರೆ. ಬುಟ್ಟಿಗೆ ಕಸ ಹಾಕುವವರು ಅವರು, ಪಾಠ ಕೇಳುವವರು ಯಜಮಾನರು ಅಂತಾದರೆ ಏನೂ ನಡೆಯುವುದಿಲ್ಲ.

ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಕಸವೇ. ಅದು ಬಾಗಿಲು ದಾಟಬೇಕಾದ ಅಗತ್ಯವೇ ಇಲ್ಲ. ಹಳ್ಳಿಯಲ್ಲಿ ತಿಪ್ಪೆ ಇತ್ತು, ನಿಮಗೆ ಬಾಲ್ಕನಿಯಲ್ಲಿ ಗೊಬ್ಬರ ಮಾಡುವ ಮೂರು ಅಂತಸ್ತಿನ ಮಡಕೆ ಇದೆ. ಕಸದ ಮೇಲೆ ಒಂದು ಹಿಡಿ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ, ವಾರಕ್ಕೊಮ್ಮೆ ಸ್ವಲ್ಪ ಹುಳಿ ಮಜ್ಜಿಗೆ, ಆಗಾಗ ಕೆದಕುವುದು. ವಾಸನೆ ಬಂದರೆ ನೀರು ಹೆಚ್ಚಾಗಿದೆ ಅಂತ ಅರ್ಥ, ಇನ್ನೆರಡು ಹಿಡಿ ಎಲೆ ಹಾಕು. ಹುಳು ಕಂಡರೆ ಹೆದರಿ ಬಿಸಾಡಬೇಡ, ಅವು ಕೆಲಸ ಮಾಡುತ್ತಿವೆ. ನಿಮ್ಮ ಎಚ್‌ಎಸ್‌ಆರ್‌ನಲ್ಲೇ ಸ್ವಚ್ಛಾಗ್ರಹ ಕಲಿಕಾ ಕೇಂದ್ರ ಅಂತ ಇದೆಯಲ್ಲ, ಅಲ್ಲಿ ಬಗೆಬಗೆಯ ಗೊಬ್ಬರದ ಡಬ್ಬಿ ಇಟ್ಟಿದ್ದಾರೆ. ಒಂದು ಭಾನುವಾರ ಬೀದಿಯವರನ್ನೆಲ್ಲ ಕರೆದುಕೊಂಡು ಹೋಗು. ಎಲೆ ಗುಡಿಸಿ ಬೆಂಕಿ ಹಾಕುವುದನ್ನಂತೂ ಮೊದಲು ನಿಲ್ಲಿಸಿ.

ಮಳೆ ನೀರಿನ ಲೆಕ್ಕವನ್ನೂ ಮಾಡು. 1,200 ಚದರಡಿ ತಾರಸಿಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 2,800 ಲೀಟರ್ ನೀರು. ಬೆಂಗಳೂರಿನ ವರ್ಷದ ಮಳೆಯಲ್ಲಿ ಅದೇ ತಾರಸಿ ಲಕ್ಷ ಲೀಟರ್ ಮುಟ್ಟುತ್ತದೆ. ಆ ನೀರು ರಸ್ತೆಗೆ ಬಿದ್ದು ತಗ್ಗಿನವರ ಮನೆಗೆ ನುಗ್ಗುವ ಬದಲು, ನೀರನ್ನು ನೆಲದೊಳಕ್ಕೆ ಇಂಗಿಸುವ ಒಂದು ಇಂಗುಬಾವಿಗೆ ಇಳಿಯಲಿ. ತೋಡುವುದಕ್ಕೆ ಬಾವಿ ತೋಡುವ ಕಸುಬಿನ ಮಣ್ಣು ಒಡ್ಡರನ್ನು ಕರೆಸಿ. ನೆಲ ಮುಟ್ಟಿ ನೋಡಿ ನೀರಿನ ದಾರಿ ಹೇಳುವ ಅನುಭವ ಅವರದ್ದು. ಕೂಲಿ ಚೌಕಾಸಿ ಮಾಡಬೇಡಿ.

ಕೆರೆಯ ಪಕ್ಕ ಹೋಗುವುದಾದರೆ ಮೊದಲು ಕೆರೆ ನೋಡಬೇಡ, ಅದಕ್ಕೆ ನೀರು ತರುವ ರಾಜಕಾಲುವೆ ಹಿಡಿದು ಮೇಲಕ್ಕೆ ನಡೆ. ಇದನ್ನು ನಾವು ಕಲಿತದ್ದು ತಡವಾಗಿ. ನಮ್ಮಜ್ಜನ ಕಾಲದಲ್ಲಿ ನೀರಗಂಟಿ ಇದ್ದ. ತೂಬು ಎತ್ತುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವುದು, ಜೋರು ಮಳೆ ರಾತ್ರಿ ಕಂಬಳಿ ಹೊದ್ದು ಏರಿ ಮೇಲೆ ಓಡಾಡಿ ಎಲ್ಲಿ ಜಿನುಗುತ್ತಿದೆ ಅಂತ ನೋಡುವುದು ಅವನ ಕೆಲಸ. ಅದಕ್ಕೆ ಅವನಿಗೆ ಇನಾಮಿನ ಜಮೀನಿತ್ತು. ಬೇಸಿಗೆಯಲ್ಲಿ ಊರಿನ ಗಾಡಿಗಳೆಲ್ಲ ಕೆರೆ ಅಂಗಳಕ್ಕೆ ಇಳಿದು, ಅಲ್ಲಿ ತುಂಬಿದ ಹೂಳಿನ ಗೋಡುಮಣ್ಣು ಹೊಲಕ್ಕೆ ಹೊಡೆಯುತ್ತಿದ್ದವು. ಹೊಲಕ್ಕೆ ಸತ್ವ, ಕೆರೆಗೆ ಆಳ. ಗ್ರಾಮದ ಹುದ್ದೆಗಳು ರದ್ದಾದವು, ಬೋರ್‌ವೆಲ್ ಬಂತು, ಸ್ವಿಚ್ ಹಾಕಿದರೆ ನೀರು ಸಿಗುವಾಗ ಕೆರೆಯ ಕಡೆ ತಿರುಗಿ ನೋಡುವವರು ಇಲ್ಲವಾದರು. ಅಂಗಳದ ತುಂಬ ಬಳ್ಳಾರಿ ಜಾಲಿ, ಮೇಲಿನ ದಿಣ್ಣೆಯಲ್ಲಿ ನೀಲಗಿರಿ.

ಏಳೆಂಟು ವರ್ಷದ ಹಿಂದೆ ಸ್ತ್ರೀಶಕ್ತಿ ಸಂಘದ ನಾವು ಹದಿನೆಂಟು ಹೆಂಗಸರು ಕಾಲುವೆಯ ಉದ್ದಕ್ಕೂ ನಡೆದೆವು. ಎರಡು ಕಡೆ ಹೊಲ ಒತ್ತರಿಸಿ ಕಾಲುವೆ ಮುಚ್ಚಿತ್ತು. ಒಬ್ಬರು ನಮ್ಮ ಬಂಧುಗಳೇ. ಜಗಳಕ್ಕೆ ಹೋಗಲಿಲ್ಲ. ಮೂರು ಸಲ ಅವರ ಮನೆಗೆ ಹೋಗಿ ಜಗಲಿ ಮೇಲೆ ಕೂತು ಮಾತಾಡಿದೆವು. ಮೂರನೇ ಸಲ ಅವರ ತಾಯಿಯೇ ಒಳಗಿಂದ ಬಂದು, "ಆ ಕಾಲುವೆಯಲ್ಲಿ ನಾನು ಎಮ್ಮೆ ಮೈ ತೊಳೆದಿದ್ದೇನೆ, ಬಿಟ್ಟುಕೊಡೋ" ಅಂದರು. ಆಮೇಲೆ ಪ್ರತಿ ಸೋಮವಾರ ಬೆಳಿಗ್ಗೆ ಎರಡು ಗಂಟೆ ಕೆಲಸ, ಮನೆಗೊಂದು ಆಳು. ಬಾರದವರ ಮೇಲೆ ಸಿಟ್ಟಾಗಲಿಲ್ಲ, ಬಂದವರ ಹೆಸರು ಪುಸ್ತಕದಲ್ಲಿ ಬರೆದೆವು. 2021ರ ನವೆಂಬರ್‌ನಲ್ಲಿ ಜಿಲ್ಲೆಗೆಲ್ಲ ದೊಡ್ಡ ಮಳೆ ಬಂತಲ್ಲ, ಆಗ ಆ ಕಾಲುವೆಯಲ್ಲಿ ಕೆಂಪು ನೀರು ಸದ್ದು ಮಾಡಿಕೊಂಡು ಬಂದದ್ದನ್ನು ರಾತ್ರಿ ಟಾರ್ಚ್ ಹಿಡಿದು ನೋಡಿದೆ. ಬೆಳಗಾಗುವುದರೊಳಗೆ ಕೋಡಿ ಬಿತ್ತು. ಗಂಗಮ್ಮನಿಗೆ ತೆಪ್ಪ ಬಿಟ್ಟೆವು. ಮಳೆಯ ನೀರಿನಿಂದ ನಮ್ಮ ಕೆರೆ ತುಂಬಿದ್ದನ್ನು ಊರಿನ ಎಷ್ಟೋ ಹುಡುಗರು ಅವತ್ತೇ ಮೊದಲು ನೋಡಿದ್ದು.

ನೀನೂ ಹಾಗೆಯೇ ಒಂದು ವಾರ, ಒಂದು ಹೊತ್ತು ಅಂತ ಗೊತ್ತು ಮಾಡು. ಮೂವತ್ತು ಜನ ಬರುವ ಉತ್ಸಾಹ ಎರಡು ತಿಂಗಳಲ್ಲಿ ಇಳಿದು ಐದು ಜನಕ್ಕೆ ನಿಲ್ಲುತ್ತದೆ. ಅವತ್ತು ಮನಸ್ಸು ಕುಗ್ಗಬಾರದು. ಆ ಐದು ಜನರಿಗೆ ಟೀ ತಗೊಂಡು ಹೋಗು. ಕೆರೆ ಕಡೆ ದನ ಮೇಯಿಸುವವರು, ಮೀನು ಹಿಡಿಯುವವರು ಸಿಕ್ಕರೆ ಅವರನ್ನು ಆಚೆ ಹಾಕುವ ಮಾತಿಗೆ ಸೇರಬೇಡ. ದಿನವೂ ಕೆರೆ ನೋಡುವವರು ಅವರು, ನೀರಿನ ಬಣ್ಣ ಬದಲಾದರೆ ಮೊದಲು ಗೊತ್ತಾಗುವುದು ಅವರಿಗೇ. ಕಚೇರಿಗೆ ಹೋಗುವಾಗ ಫೋಟೋ, ತಾರೀಖು ಬರೆದ ಪುಸ್ತಕ ಕೈಯಲ್ಲಿರಲಿ, ಅರ್ಜಿಯ ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬಾ.

ಜೂನ್ 5ಕ್ಕೆ ಏನು ಮಾಡಬೇಕು ಅಂತ ನಿನ್ನ ಸಂಘದವರು ಕೇಳಿದರೆ, ಎಲ್ಲರೂ ಸೇರಿ ರಾಜಕಾಲುವೆ ಹಿಡಿದು ನಡೆಯೋಣ ಅನ್ನು. ಆಮೇಲೆ ಏನು ಕಂಡಿತು ಅಂತ ನನಗೆ ಬರೆ, ಫೋನು ಬೇಡ, ಕಾಗದವೇ ಬರೆ.

ಹಬ್ಬಕ್ಕೆ ಊರಿಗೆ ಬರುವಾಗ ಸ್ವೀಟ್ ಡಬ್ಬ ತರಬೇಡ. ನಿನ್ನ ಮಡಕೆಯ ಗೊಬ್ಬರ ಒಂದು ಚೀಲ ತಾ, ಹಿತ್ತಿಲಿನ ನುಗ್ಗೆ ಬುಡಕ್ಕೆ ಹಾಕೋಣ.

ಇಂತಿ,
ನಿನ್ನ ಅತ್ತೆ