ಎಸಿ ನಾತಕ್ಕೆ ಪರ್ಫ್ಯೂಮ್ ಮದ್ದಲ್ಲ

ಪ್ರಿಯ ಸತೀಶ,

ಕಾರಿನ ಎಸಿ ಹಾಕಿದ ಕೂಡಲೇ ಒದ್ದೆ ಸಾಕ್ಸಿನ ನಾತ ಬರುತ್ತೆ, ಐದು ನಿಮಿಷಕ್ಕೆ ಮಾಯವಾಗುತ್ತೆ ಅಂತ ಬರೆದಿದ್ದೀಯ. ಮೊದಲು ಕಾರಿನಲ್ಲಿಟ್ಟಿರುವ ಆ ಪರ್ಫ್ಯೂಮ್ ಡಬ್ಬಿ ಕಿತ್ತುಹಾಕು. ಅದಿರುವ ತನಕ ಯಾವ ವಾಸನೆ ಎಲ್ಲಿಂದ ಬರ್ತಿದೆ ಅಂತ ಮೂಗಿಗೆ ತಿಳಿಯೋದಿಲ್ಲ.

ಲಕ್ಷಣ ನೋಡಿದರೆ ಇದು ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್‌ನ ಕೆಲಸ. ಮುಂಬೈ ಮಳೆಗಾಲದ ಗಾಳಿಯ ತೇವವೆಲ್ಲ ಅದರ ಮೇಲೆ ನೀರಾಗಿ ಇಳಿಯುತ್ತೆ. ಗಾಡಿ ಬಂದ್ ಮಾಡಿದ ಮೇಲೆ ಕಾಯಿಲ್ ಕತ್ತಲಲ್ಲಿ ಒದ್ದೆಯಾಗಿಯೇ ಉಳಿದು, ಮೇಲಿನ ಧೂಳಿಗೆ ಬೂಸ್ಟು ಹಿಡಿಯುತ್ತೆ.

ಆದರೂ ಶುರು ಮಾಡೋದು ಒಳಗೆ ಬರುವ ಗಾಳಿ ಸೋಸುವ ಫಿಲ್ಟರಿನಿಂದಲೇ, ಅಗ್ಗದ್ದು, ಕೈಗೆ ಸಿಗುವಂಥದ್ದು. ಹೆಚ್ಚಿನ ಗಾಡಿಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತೆ. ಬಾಕ್ಸ್ ಖಾಲಿ ಮಾಡಿ, ಎರಡೂ ಪಕ್ಕ ಒಳಕ್ಕೆ ಒತ್ತಿದರೆ ಕೆಳಗೆ ಜೋತು ಬೀಳುತ್ತೆ. ಹಿಂದೆ ಕ್ಲಿಪ್ ಇರುವ ಮುಚ್ಚಳ. ಹಳೆಯ ಫಿಲ್ಟರ್ ಎಳೆಯುವ ಮುಂಚೆ ಬಾಣದ ಗುರುತು ಯಾವ ಕಡೆಗಿದೆ ನೋಡಿಕೋ, ಹೊಸದೂ ಹಾಗೇ ಕೂರಬೇಕು. ಮಡಿಕೆಗಳಲ್ಲಿ ಇಲಿ ಹಿಕ್ಕೆ ಕಂಡರೆ ಮಾಸ್ಕ್, ಗ್ಲೋವ್ಸ್ ಹಾಕಿಕೊಳ್ಳದೆ ಮುಟ್ಟಬೇಡ. ಕಾಗದದ ಫಿಲ್ಟರ್ ತೊಳೆದು ಮತ್ತೆ ಹಾಕೋದು ಜಿಪುಣತನ, ನಾರು ಹಾಳಾಗುತ್ತೆ. ಸಾಮಾನ್ಯವಾಗಿ 10,000 ದಿಂದ 15,000 ಕಿ.ಮೀ.ಗೆ ಬದಲಿಸು ಅಂತಾರೆ. ಅಲ್ಲಿನ ಮೆಟ್ರೋ ಕಾಮಗಾರಿಯ ಧೂಳಿಗೆ ಅಷ್ಟು ಕಾಯಬೇಡ, ಮಳೆಗಾಲ ಮುಗಿದ ಕೂಡಲೇ ಹಾಕಿಸು. ಕಾರ್ಬನ್ ಫಿಲ್ಟರ್ ಹೊರಗಿನ ಹೊಗೆ ನಾತವನ್ನು ಸ್ವಲ್ಪ ಹಿಡಿಯುತ್ತೆ, ಕಾಯಿಲ್‌ನ ಬೂಸ್ಟಿಗೆ ಏನೂ ಮಾಡೋದಿಲ್ಲ. ವೈಪರ್ ಕೆಳಗಿನ ಜಾಲರಿಯಲ್ಲಿ ಕೊಳೆತ ಎಲೆಗಳಿದ್ದರೆ ಅದನ್ನೂ ಬಾಚಿ ತೆಗೆ, ಗಾಳಿ ಒಳಗೆ ಬರೋದೇ ಅಲ್ಲಿಂದ.

ಆಮೇಲೆ ಡ್ರೈನ್, ಅಂದರೆ ಕಾಯಿಲ್‌ನ ನೀರು ಹೊರಗೆ ಹೋಗುವ ಪೈಪ್. ಎಸಿ ಹದಿನೈದು ನಿಮಿಷ ಓಡಿಸಿ ಗಾಡಿಯ ಕೆಳಗೆ ಬಗ್ಗಿ ನೋಡು. ಅಲ್ಲಿನ ಸೆಕೆಗೆ ನೀರು ತೊಟ್ಟಿಕ್ಕಲೇಬೇಕು. ನೀರಿಲ್ಲದೆ, ಪಕ್ಕದ ಸೀಟಿನ ಕಾಲ ಬಳಿ ಕಾರ್ಪೆಟ್ ಒದ್ದೆಯಿದ್ದರೆ ಪೈಪ್ ಕಟ್ಟಿಕೊಂಡಿದೆ ಅಂತಲೇ ಲೆಕ್ಕ. ತಂತಿ ತೂರಿಸಬೇಡ, ಕಾಯಿಲ್‌ನ ಅಲ್ಯುಮಿನಿಯಂ ತೆಳು. ಕೆಳಗಿನಿಂದ ಮೆಲ್ಲಗೆ ಗಾಳಿ ಹೊಡೆಸು. ಕಾರ್ಪೆಟನ್ನೂ ಎತ್ತಿ ಒಣಗಿಸು, ಇಲ್ಲದಿದ್ದರೆ ಎಲ್ಲ ಮಾಡಿದ ಮೇಲೂ ಮುಗ್ಗಲು ವಾಸನೆ ಉಳಿಯುತ್ತೆ.

ನೀರು ಸರಿಯಾಗಿ ಇಳಿಯುತ್ತಿದ್ದರೆ ಮಾತ್ರ ಕಾಯಿಲ್ ಕ್ಲೀನರ್ ಫೋಮ್. ಎಸಿ, ಬ್ಲೋವರ್ ಎರಡೂ ಬಂದ್ ಮಾಡಿ, ಡಬ್ಬಿಯ ಉದ್ದ ನಳಿಗೆಯನ್ನು ಕಾಯಿಲ್ ಕಡೆಗೆ ತೂರಿಸಿ ಹೊಡಿ. ಬ್ಲೋವರ್ ಮೋಟಾರಿಗೆ, ವೈರಿಂಗಿಗೆ ತಾಗಬಾರದು. ಡಬ್ಬಿಯಲ್ಲಿ ಬರೆದಷ್ಟು ಹೊತ್ತು ಬಿಟ್ಟು, ಕಿಟಕಿ ತೆಗೆದು, ಬಿಸಿಗಾಳಿಗೆ ತಿರುಗಿಸಿ ಬ್ಲೋವರ್ ಜೋರಾಗಿ ಹತ್ತು ನಿಮಿಷ ಓಡಿಸು. ಹೊಸ ಫಿಲ್ಟರ್ ಹಾಕೋದು ಇದೆಲ್ಲ ಆದ ಮೇಲೆ.

ಮತ್ತೆ ಬರಬಾರದು ಅಂದರೆ, ಮನೆ ಮುಟ್ಟಲು ಎರಡು ಮೂರು ನಿಮಿಷ ಇರುವಾಗಲೇ ಎಸಿ ಆರಿಸಿ, ಹೊರಗಾಳಿಗೆ ಹಾಕಿ, ಬ್ಲೋವರ್ ಮಾತ್ರ ಓಡಿಸು. ನಾತ ಹೊಡೆಯುವ ಮಾಹಿಮ್ ಖಾಡಿಯ ಹತ್ತಿರ ಒಳಗಾಳಿಗೆ ಹಾಕೋದು ಸರಿ, ಬಾಂದ್ರಾ ದಾಟಿದ ಮೇಲೂ ಹಾಗೇ ಬಿಡಬೇಡ. ಮುಚ್ಚಿದ ಗಾಡಿಯಲ್ಲಿ ತೇವವೂ ನಮ್ಮ ಉಸಿರೂ ಸುತ್ತುತ್ತಾ ಇರುತ್ತೆ, ನಿದ್ದೆ ತೂಗುತ್ತೆ.

ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡು ಮಂಜು ಬಂದರೆ ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಸೋರಿಕೆ, ಅದು ಬೇರೆ ರೋಗ. ಪೆಟ್ರೋಲ್ ವಾಸನೆ ಬಂದರೆ ಗಾಡಿ ನಿಲ್ಲಿಸಿ ಇಳಿ, ಮತ್ತೆ ಸ್ಟಾರ್ಟ್ ಮಾಡಬೇಡ.

ಗ್ಯಾರೇಜಿನವರು ನಾತಕ್ಕೆ ಗ್ಯಾಸ್ ತುಂಬಿಸಬೇಕು ಅಂದರೆ ಒಪ್ಪಬೇಡ. ತಂಪು ಕಡಿಮೆಯಾಗಿದ್ದರಷ್ಟೇ ಆ ಮಾತು.

ನಿನ್ನ
ರಘು